ನಾಯಿ ಕುಂಟಿದಾಗ ಮನೆಯ ಮಾತ್ರೆ ಡಬ್ಬಿ ತೆರೆಯುವ ಮುನ್ನ

(ನಾಯಿ ಸಾಕುವವರ ಒಂದು ಕೂಟದಲ್ಲಿ ಪಶುವೈದ್ಯನಾಗಿ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಗುಂಪಿನ ಔಷಧಿಗಳ ಬಗ್ಗೆ ಮಾತಾಡುತ್ತೇನೆ. ಊತ ಇಳಿಸಿ ನೋವು ಕಡಿಮೆ ಮಾಡುವ, ಆದರೆ ಸ್ಟೀರಾಯ್ಡ್ ಅಲ್ಲದ ಔಷಧಿಗಳು. ನಾವು ಡಾಕ್ಟರುಗಳು ಇವನ್ನು ಎನ್ಸೆಡ್ ಅಂತ ಕರೆಯುತ್ತೇವೆ. ನಾಯಿಯ ಕೀಲುನೋವಿಗೂ ಆಪರೇಷನ್ ಆದಮೇಲಿನ ನೋವಿಗೂ ನಾವು ಮೊದಲು ಕೈ ಹಾಕುವುದು ಇವಕ್ಕೇ.

ನನ್ನ ಹತ್ತಿರ ಎರಡು ಬಗೆಯವರು ಬರುತ್ತಾರೆ. ಕೆಲವರು ನಾಯಿ ಕುಂಟಿದ ಕೂಡಲೇ ತಮ್ಮ ಡಬ್ಬಿಯಿಂದ ಒಂದು ಕಾಂಬಿಫ್ಲಾಮ್ ತೆಗೆದು, ಬ್ರೆಡ್ಡಿನಲ್ಲಿ ಸುತ್ತಿ ನುಂಗಿಸಿರುತ್ತಾರೆ. ಇನ್ನು ಕೆಲವರು ನಾಯಿಗೆಂದೇ ಬರೆದುಕೊಟ್ಟ ಮಾತ್ರೆಯನ್ನು "ಕಿಡ್ನಿ ಹೋಗುತ್ತಂತೆ" ಅಂತ ಅರ್ಧ ಮುರಿದು, ಎರಡು ದಿನಕ್ಕೊಮ್ಮೆ ಕೊಟ್ಟು, ಆಮೇಲೆ ಸುಮ್ನೆ ನಿಲ್ಲಿಸಿಬಿಟ್ಟಿರುತ್ತಾರೆ. ಮೊದಲಿನವರು ಹೆದರಬೇಕಾದ ಕಡೆ ಹೆದರಿಲ್ಲ. ಎರಡನೆಯವರು ಹೆದರಬೇಕಿಲ್ಲದ ಕಡೆ ಹೆದರಿದ್ದಾರೆ. ಎರಡರಲ್ಲೂ ಪಾಡು ಪಡುವುದು ನಾಯಿ.

ಮೊದಲು ನೋವು ಇದೆಯೋ ಇಲ್ಲವೋ ಅನ್ನುವ ವಿಷಯ. "ಅದು ಅಳಲ್ಲ ಡಾಕ್ಟ್ರೇ, ನೋವೇನೂ ಇಲ್ಲ" ಅನ್ನುವುದನ್ನು ದಿನಾ ಕೇಳುತ್ತೇನೆ. ಕೀಲು ಸವೆದ ನಾಯಿ ಅಳುವುದು ಅಪರೂಪ. ಅದು ಮಲಗಿದ ಕಡೆಯಿಂದ ಏಳಲು ಹೊತ್ತು ತೆಗೆದುಕೊಳ್ಳುತ್ತದೆ. ಮೆಟ್ಟಿಲ ಕೆಳಗೆ ನಿಂತು ನಿಮ್ಮ ಮುಖ ನೋಡುತ್ತದೆ. ಕಾರಿಗೆ ಹಾರುತ್ತಿದ್ದದ್ದು ಈಗ ಮುಂಗಾಲು ಇಟ್ಟು ಕಾಯುತ್ತದೆ. ಒಂದೇ ಜಾಗವನ್ನು, ಹೆಚ್ಚಾಗಿ ಮಣಿಕಟ್ಟು ಅಥವಾ ಮೊಣಕಾಲನ್ನು, ನೆಕ್ಕಿ ನೆಕ್ಕಿ ಕೂದಲು ಕೆಂಪಾಗಿಸಿಕೊಂಡಿರುತ್ತದೆ. ರಾತ್ರಿ ಜಾಗ ಬದಲಿಸುತ್ತಾ ತೇಕುತ್ತದೆ. ಹಿಂದಿನ ತೊಡೆಗಳನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, ಒಂದು ಕಡೆ ಮಾಂಸ ಕರಗಿರುವುದು ಗೊತ್ತಾಗುತ್ತದೆ. ಇದನ್ನೆಲ್ಲ ನಾವು "ವಯಸ್ಸಾಯ್ತು" ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ವಯಸ್ಸಿಗೆ ಔಷಧಿ ಇಲ್ಲ, ನಿಜ. ನೋವಿಗೆ ಇದೆ.

ಮೊಬೈಲ್ ಎಲ್ಲರ ಕೈಯಲ್ಲೂ ಇದೆ ಅಲ್ವಾ? ನಾಯಿ ಬೆಳಿಗ್ಗೆ ಎದ್ದು ಮೊದಲ ಹತ್ತು ಹೆಜ್ಜೆ ಹಾಕುವುದನ್ನು ವಿಡಿಯೊ ಮಾಡಿ ತನ್ನಿ. ಕ್ಲಿನಿಕ್ಕಿಗೆ ಬಂದಾಗ ಹೆದರಿಕೆಗೆ ಎಷ್ಟೋ ನಾಯಿಗಳು ಕುಂಟುವುದನ್ನೇ ಮರೆಯುತ್ತವೆ. ಔಷಧಿ ಶುರುವಾಗಿ ಎರಡು ವಾರಕ್ಕೆ ಅದೇ ಜಾಗದಲ್ಲಿ ಇನ್ನೊಂದು ವಿಡಿಯೊ ಮಾಡಿ. ಮಾತ್ರೆ ಕೆಲಸ ಮಾಡಿತೇ ಅನ್ನುವುದಕ್ಕೆ ನಿಮ್ಮ ನೆನಪಿಗಿಂತ ಅದು ಒಳ್ಳೆಯ ಸಾಕ್ಷಿ.

ಈಗ ಈ ಔಷಧಿಗಳು ಮಾಡುವುದೇನು ನೋಡೋಣ. ಗಾಯವಾದ ಕಡೆ, ಕೀಲು ಸವೆದ ಕಡೆ, ದೇಹ ಪ್ರೋಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕಗಳನ್ನು ತಯಾರಿಸುತ್ತದೆ. ಅವು ಊತ ತರುತ್ತವೆ, ನರಗಳನ್ನು ಸೂಕ್ಷ್ಮ ಮಾಡುತ್ತವೆ. ಆಸ್ಪಿರಿನ್ ಜಾತಿಯ ಔಷಧಿಗಳು ಈ ತಯಾರಿಕೆಯನ್ನೇ ತಡೆಯುತ್ತವೆ ಎಂದು 1971ರಲ್ಲಿ ತೋರಿಸಿದವರು ಬ್ರಿಟನ್ನಿನ ಜಾನ್ ವೇನ್. ಅದಕ್ಕೂ ಮುಂಚೆ ಎಪ್ಪತ್ತು ವರ್ಷ ಜನ ಆಸ್ಪಿರಿನ್ ನುಂಗುತ್ತಿದ್ದರು, ಅದು ಹೇಗೆ ಕೆಲಸ ಮಾಡುತ್ತದೆ ಅಂತ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ! 1982ರಲ್ಲಿ ವೇನ್ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಂತು.

ತೊಡಕು ಇರುವುದು ಇಲ್ಲೇ. ಪ್ರೋಸ್ಟಾಗ್ಲಾಂಡಿನ್ ಬರೀ ನೋವು ತರುವ ವಸ್ತುವಲ್ಲ. ಹೊಟ್ಟೆಯ ಒಳಗೋಡೆಗೆ ಆಸಿಡ್‌ನಿಂದ ರಕ್ಷಣೆ ಕೊಡುವ ಲೋಳೆ ಬರುವುದು ಅದರಿಂದ. ದೇಹದಲ್ಲಿ ನೀರು ಕಡಿಮೆಯಾಗಿ ಬಿಪಿ ಇಳಿದಾಗ ಕಿಡ್ನಿಗೆ ರಕ್ತ ಹೋಗುವಂತೆ ನೋಡಿಕೊಳ್ಳುವುದೂ ಅದೇ. ನೋವಿನ ಕೆಲಸಗಾರ ಮತ್ತು ಕಾವಲುಗಾರ ಇಬ್ಬರಿಗೂ ಒಂದೇ ಗೇಟು. ಮಾತ್ರೆ ಆ ಗೇಟನ್ನು ಮುಚ್ಚುತ್ತದೆ. ಹಾಗಾಗಿ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಅನ್ನುವುದು ಈ ಔಷಧಿಗೆ ಆಕಸ್ಮಿಕವಾಗಿ ಅಂಟಿಕೊಂಡದ್ದಲ್ಲ. ಅದು ಕೆಲಸ ಮಾಡುವ ರೀತಿಯಲ್ಲೇ ಇದೆ. ನಾಯಿಗೆಂದು ಮಾಡಿದ ಔಷಧಿಗಳಲ್ಲಿ, ಊತದ ಕಡೆ ಪ್ರೋಸ್ಟಾಗ್ಲಾಂಡಿನ್ ತಯಾರಿಸುವ ಕಾಕ್ಸ್-2 ಅನ್ನುವ ಕಿಣ್ವವನ್ನೇ ಹೆಚ್ಚಾಗಿ ತಡೆಯುವಂತೆ ನೋಡಿಕೊಂಡಿದ್ದಾರೆ. ಅದರಿಂದ ಹೊಟ್ಟೆಗೆ ಪೆಟ್ಟು ಕಡಿಮೆ. ಪೂರ್ತಿ ಇಲ್ಲ ಅಂತಲ್ಲ, ಕಡಿಮೆ ಅಷ್ಟೇ.

ಇನ್ನು ನಮ್ಮ ಡಬ್ಬಿಯ ಮಾತ್ರೆಗಳು. ಸ್ವಲ್ಪ ಲೆಕ್ಕ ಹಾಕೋಣ, ಬೇಸರ ಬೇಡ.

ಒಂದು ಕಾಂಬಿಫ್ಲಾಮ್‌ನಲ್ಲಿ 400 ಮಿಲಿಗ್ರಾಂ ಐಬುಪ್ರೊಫೆನ್, 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುತ್ತದೆ. 10 ಕೆಜಿಯ ನಾಯಿಗೆ ಕೊಟ್ಟರೆ ಒಂದೊಂದು ಕೆಜಿಗೂ 40 ಮಿಲಿಗ್ರಾಂ ಐಬುಪ್ರೊಫೆನ್ ಬಿತ್ತು. ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗಲು ಅಷ್ಟು ಸಾಕು. ಇದಕ್ಕಿಂತ ತುಂಬಾ ಕಡಿಮೆ ಕೊಟ್ಟರೂ, ದಿನಾ ಕೊಡುತ್ತಾ ಹೋದರೆ ಹುಣ್ಣಾಗುತ್ತದೆ, ಮೇಲೆ ಏನೂ ಕಾಣದೆ. ನ್ಯಾಪ್ರೊಕ್ಸೆನ್ ಇನ್ನೂ ಕೆಟ್ಟದ್ದು. ನಮ್ಮ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಸುಮಾರು 15 ಗಂಟೆ. ನಾಯಿಯಲ್ಲಿ ಸುಮಾರು 74 ಗಂಟೆ, ಅಂದರೆ ಮೂರು ದಿನ. ಬೆಳಿಗ್ಗೆ ಒಂದು, ರಾತ್ರಿ ಒಂದು ಅಂತ ಕೊಡುತ್ತಾ ಹೋದರೆ ಹಿಂದಿನದು ಹೋಗುವ ಮೊದಲೇ ಮುಂದಿನದು ಮೇಲೆ ಬೀಳುತ್ತಿರುತ್ತದೆ.

"ಡೋಲೋ ಪರವಾಗಿಲ್ಲ ಅಲ್ವಾ?" ಅಂತ ಯಾರೋ ಹಿಂದಿನ ಸಾಲಿನಿಂದ ಕೇಳಿದರು. ಪ್ಯಾರಾಸಿಟಮಾಲ್ ಈ ಗುಂಪಿನದಲ್ಲ, ಅದು ಕೆಲಸ ಮಾಡುವ ದಾರಿ ಬೇರೆ. ನಾವೂ ಕೆಲವೊಮ್ಮೆ ನಾಯಿಗೆ ಬಳಸುತ್ತೇವೆ, ಕೆಜಿಗೆ 10-15 ಮಿಲಿಗ್ರಾಂ ಲೆಕ್ಕದಲ್ಲಿ. 5 ಕೆಜಿ ಪಾಮೆರೇನಿಯನ್‌ಗೆ ಒಂದು ಡೋಲೋ 650 ಕೊಟ್ಟರೆ ಕೆಜಿಗೆ 130 ಆಯಿತು. ಲಿವರ್ ಕೆಡುವ ಮಟ್ಟ ಅದು. ಮನೆಯಲ್ಲಿ ಬೆಕ್ಕೂ ಇದ್ದರೆ ಇನ್ನೊಂದು ಮಾತು: ಬೆಕ್ಕಿಗೆ ಪ್ಯಾರಾಸಿಟಮಾಲ್ ಒಂದು ಚೂರೂ ಬೇಡ. ಅದನ್ನು ಅರಗಿಸಿ ಹೊರಹಾಕುವ ವ್ಯವಸ್ಥೆಯೇ ಅದರ ಲಿವರ್‌ನಲ್ಲಿ ಸಾಕಷ್ಟಿಲ್ಲ. ಜೀವ ಹೋಗುತ್ತದೆ.

ಹೆಸರು ಒಂದೇ ಇದ್ದರೂ ಲೆಕ್ಕ ತಪ್ಪುತ್ತದೆ. ಮೆಲಾಕ್ಸಿಕ್ಯಾಮ್ ಅನ್ನುವ ಎನ್ಸೆಡ್ ಮನುಷ್ಯರಿಗೂ ಇದೆ, ನಾಯಿಗೂ ಇದೆ. ನಾಯಿಗೆ ಮೊದಲ ದಿನ ಕೆಜಿಗೆ 0.2 ಮಿಲಿಗ್ರಾಂ, ಆಮೇಲೆ ದಿನಕ್ಕೊಮ್ಮೆ 0.1. ಅಂದರೆ 10 ಕೆಜಿ ನಾಯಿಗೆ ದಿನಕ್ಕೆ 1 ಮಿಲಿಗ್ರಾಂ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಮನುಷ್ಯರ ಮಾತ್ರೆ 7.5 ಅಥವಾ 15. ಒಂದು 15ರ ಮಾತ್ರೆ ಆ ನಾಯಿಗೆ ಹದಿನೈದು ದಿನದ ಔಷಧಿ. ನಾಯಿಯ ದ್ರಾವಣದಲ್ಲೂ ಎಚ್ಚರ ಬೇಕು. 1 ಮಿಲಿಗೆ 1.5 ಮಿಲಿಗ್ರಾಂ ಇರುವ ಬಾಟಲಿಯಿಂದ ಆ ನಾಯಿಗೆ ಬೇಕಾದದ್ದು ಮುಕ್ಕಾಲು ಮಿಲಿಗೂ ಕಡಿಮೆ. ಸಿರಿಂಜು ಕಳೆದುಹೋಯಿತು ಅಂತ 5 ಮಿಲಿಯ ಒಂದು ಚಮಚ ಕೊಟ್ಟರೆ ಏಳೂವರೆ ಪಟ್ಟು. ಸಿರಿಂಜು ಕಳೆದರೆ ಬಂದು ಇನ್ನೊಂದು ತೆಗೆದುಕೊಂಡು ಹೋಗಿ, ಯಾರೂ ಬೈಯಲ್ಲ.

ಮೊದಲ ಬಗೆಯವರಿಗೆ ಇಷ್ಟು ಸಾಕು. ಈಗ ಹೆದರಿ ನಿಲ್ಲಿಸುವವರಿಗೆ.

ಅಮೆರಿಕದಲ್ಲಿ ಕಾರ್ಪ್ರೊಫೆನ್ ಅನ್ನುವ ಎನ್ಸೆಡ್‌ಗೆ ನಾಯಿಗಳಲ್ಲಿ ಬಳಸಲು ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ರಿಮಾಡಿಲ್ ಅನ್ನುವ ಹೆಸರು ನೀವು ಕೇಳಿರಬಹುದು. ಏಳಲಾಗದ ಮುದಿ ನಾಯಿಗಳು ಎದ್ದು ಓಡಾಡಿದವು, ಲಕ್ಷಾಂತರ ಮನೆಗಳಿಗೆ ಆ ಮಾತ್ರೆ ಹೋಯಿತು. ಬೇಗನೇ ಇನ್ನೊಂದು ಸುದ್ದಿಯೂ ಬಂತು. ಕೆಲವು ನಾಯಿಗಳಿಗೆ ಲಿವರ್ ಕೆಟ್ಟಿತ್ತು. 1998ರಲ್ಲಿ ಪ್ರಕಟವಾದ ಒಂದು ವರದಿಯಲ್ಲಿ ಅಂಥ 21 ನಾಯಿಗಳಿದ್ದವು, ಅದರಲ್ಲಿ 13 ಲ್ಯಾಬ್ರಡಾರ್. ಅಲ್ಲಿಂದ "ಲ್ಯಾಬ್‌ಗೆ ಕಾರ್ಪ್ರೊಫೆನ್ ಆಗಲ್ಲ" ಅನ್ನುವ ಮಾತು ಹುಟ್ಟಿ ಇವತ್ತಿಗೂ ಓಡಾಡುತ್ತಿದೆ. ಆದರೆ ಆಗ ಅಲ್ಲಿ ಅತಿ ಹೆಚ್ಚು ಸಾಕುತ್ತಿದ್ದ ತಳಿಯೇ ಲ್ಯಾಬ್, ಕೀಲುನೋವು ಜಾಸ್ತಿ ಬರುವ ತಳಿಗಳಲ್ಲೂ ಅದು ಒಂದು. ಮಾತ್ರೆ ತಿಂದದ್ದೇ ಹೆಚ್ಚಾಗಿ ಲ್ಯಾಬ್‌ಗಳು ಅಂದಮೇಲೆ ಪಟ್ಟಿಯಲ್ಲಿ ಅವೇ ಜಾಸ್ತಿ ಇರುವುದು ಸಹಜ ಅಲ್ವಾ? ನಾನು ಲ್ಯಾಬ್‌ಗೂ ಕೊಡುತ್ತೇನೆ.

ಆದರೆ ಆ ಲಿವರ್ ತೊಂದರೆ ಸುಳ್ಳಲ್ಲ. ಅಪರೂಪ, ಯಾವ ನಾಯಿಗೆ ಬರುತ್ತದೆ ಅಂತ ಮುಂಚೆ ಹೇಳಲಾಗದು. ಬಂದರೆ ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲೇ ಬರುತ್ತದೆ. ಅದಕ್ಕೇ ಮಾತ್ರೆ ಶುರು ಮಾಡುವ ಮೊದಲು ಒಂದು ರಕ್ತ ಪರೀಕ್ಷೆ, ಎರಡರಿಂದ ನಾಲ್ಕು ವಾರದಲ್ಲಿ ಇನ್ನೊಂದು, ಆಮೇಲೆ ವರ್ಷಕ್ಕೆರಡು ಬಾರಿ. ಕಿಡ್ನಿಗೆ ಕ್ರಿಯಾಟಿನಿನ್, ಲಿವರ್‌ಗೆ ಎಎಲ್‌ಟಿ, ಜೊತೆಗೆ ಮೂತ್ರ. "ಮಾತ್ರೆಗಿಂತ ಟೆಸ್ಟ್ ದುಬಾರಿ" ಅಂತ ಗೊಣಗುತ್ತಾರೆ. ಹೌದು, ದುಬಾರಿಯೇ. ಆದರೂ ಎರಡನೇ ಟೆಸ್ಟನ್ನು ಬಿಡಬೇಡಿ. ಮೊದಲನೆಯದು ಇವತ್ತಿನ ಕಥೆ ಹೇಳುತ್ತದೆ, ಮಾತ್ರೆ ಈ ನಾಯಿಗೆ ಒಗ್ಗಿತೇ ಅನ್ನುವುದನ್ನು ಹೇಳುವುದು ಎರಡನೆಯದು.

ಮನೆಯಲ್ಲಿ ನೀವು ನೋಡಬೇಕಾದ್ದು ಊಟ. ನಾಯಿ ಊಟ ಬಿಟ್ಟರೆ ಅವತ್ತು ಮಾತ್ರೆ ಕೊಡಬೇಡಿ, ಫೋನ್ ಮಾಡಿ. ವಾಂತಿ, ಭೇದಿ, ಡಾಂಬರಿನಂಥ ಕಪ್ಪು ಕಕ್ಕ, ಇದ್ದಕ್ಕಿದ್ದಂತೆ ಹೆಚ್ಚಿದ ಬಾಯಾರಿಕೆ, ಹಳದಿಯಾದ ಒಸಡು, ಇದರಲ್ಲಿ ಯಾವುದು ಕಂಡರೂ ಅಷ್ಟೇ. ತಪ್ಪಿಹೋದ ಡೋಸನ್ನು ಮರುದಿನ ಎರಡಾಗಿ ಕೊಡಬೇಡಿ. ಇನ್ನೊಂದು, ನಾಯಿಗೆ ಮಾಡಿದ ಮಾತ್ರೆಗಳಲ್ಲಿ ಕೆಲವಕ್ಕೆ ಮಾಂಸದ ರುಚಿ ಸೇರಿಸಿರುತ್ತಾರೆ. ಮುಚ್ಚಳ ಕಚ್ಚಿ ತೆಗೆದು ಇಡೀ ಬಾಟಲಿ ಖಾಲಿ ಮಾಡಿದ ನಾಯಿಗಳಿವೆ. ಎತ್ತರದಲ್ಲಿಡಿ. ಹಾಗೇನಾದರೂ ಆದರೆ ಕಾದು ನೋಡುವುದು ಬೇಡ, ಆಗಲೇ ಹೊರಡಿ.

ಅರ್ಧ ಡೋಸ್ ಕೊಟ್ಟರೆ ಅಡ್ಡ ಪರಿಣಾಮ ಅರ್ಧವಾಗುತ್ತದೆ ಅನ್ನುವ ಲೆಕ್ಕ ನೀವೇ ಹಾಕಬೇಡಿ. ಶುರುವಿನಲ್ಲೇ ಅರ್ಧ ಕೊಟ್ಟರೆ ನೋವು ಹಾಗೇ ಉಳಿದು, "ಈ ಮಾತ್ರೆ ವೇಸ್ಟು" ಅನ್ನುವ ತೀರ್ಮಾನ ಬರುತ್ತದೆ. ಪೂರ್ತಿ ಡೋಸ್‌ನಲ್ಲಿ ನಾಯಿ ಸುಧಾರಿಸಿದಮೇಲೆ, ಡಾಕ್ಟರ ಜೊತೆ ಕೂತು, ಎಷ್ಟಕ್ಕೆ ಇಳಿಸಿದರೂ ನಡೆಯುತ್ತದೆ ಅಂತ ಮೆಲ್ಲಗೆ ಹುಡುಕುವುದು ಬೇರೆ ಮಾತು. ಅದನ್ನು ನಾವೂ ಮಾಡುತ್ತೇವೆ.

ನನಗೆ ನಿಜವಾಗಿ ಹೆದರಿಕೆ ಹುಟ್ಟಿಸುವ ಎರಡು ಸಂಗತಿಗಳಿವೆ. ಮೊದಲನೆಯದು ಸ್ಟೀರಾಯ್ಡ್. ನಾಯಿಗೆ ತುರಿಕೆ ಅಂತ ಒಂದು ಕಡೆ ಇಂಜೆಕ್ಷನ್ ಹಾಕಿಸಿರುತ್ತೀರಿ. ವಾರದಲ್ಲಿ ಕುಂಟಿತು ಅಂತ ಇನ್ನೊಂದು ಕಡೆ ಬರುತ್ತೀರಿ. ಆ ಇಂಜೆಕ್ಷನ್ ಸ್ಟೀರಾಯ್ಡ್ ಆಗಿದ್ದು ನಮಗೆ ಗೊತ್ತಿಲ್ಲದಿದ್ದರೆ, ಅದರ ಮೇಲೆ ಎನ್ಸೆಡ್ ಕೊಟ್ಟರೆ, ಹೊಟ್ಟೆಯೋ ಕರುಳೋ ತೂತಾಗುವವರೆಗೆ ಹೋಗಬಹುದು. ವೈಸೊಲೋನ್‌ನಂಥ ಮಾತ್ರೆ, ಬೆಟ್ನೆಸಾಲ್‌ನಂಥ ಹನಿ, ಇವೂ ಸ್ಟೀರಾಯ್ಡೇ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಐದಾರು ದಿನವಾದರೂ ಬಿಡುವು ಬೇಕು. ತುಂಬ ದಿನ ಕೆಲಸ ಮಾಡುವ ಸ್ಟೀರಾಯ್ಡ್ ಇಂಜೆಕ್ಷನ್ ಆಗಿದ್ದರೆ ಇನ್ನೂ ಜಾಸ್ತಿ. ಎರಡು ಎನ್ಸೆಡ್‌ಗಳನ್ನು ಒಟ್ಟಿಗೆ ಕೊಡುವುದೂ ಇಷ್ಟೇ ಅಪಾಯ. ಹಾಗಾಗಿ ಡಾಕ್ಟರ್ ಬದಲಿಸಿದರೂ ಹಳೆಯ ಚೀಟಿ ಬಿಸಾಕಬೇಡಿ, ಫೋಟೊ ತೆಗೆದಿಡಿ.

ಎರಡನೆಯದು ಉಣ್ಣೆ ಜ್ವರ. ಇದು ನಮ್ಮ ಕಡೆಯ ಪಾಡು. ಉಣ್ಣೆ ಕಚ್ಚಿ ಬರುವ ಎರ್ಲಿಕಿಯಾ ಸೋಂಕಿನಲ್ಲಿ ನಾಯಿಗೆ ಜ್ವರ, ಕೀಲುನೋವು, ಮಂಕು ಎಲ್ಲ ಬರುತ್ತದೆ. ನೋಡುವವರಿಗೆ ಬರೀ ಕುಂಟು. ಅದೇ ಹೊತ್ತಿಗೆ ರಕ್ತದಲ್ಲಿ ಪ್ಲೇಟ್ಲೆಟ್ ಕುಸಿದಿರುತ್ತದೆ. ರಕ್ತ ಹೆಪ್ಪುಗಟ್ಟಲು ಕಷ್ಟಪಡುತ್ತಿರುವ ನಾಯಿಗೆ ಎನ್ಸೆಡ್ ಕೊಟ್ಟರೆ ಒಳಗೆ ರಕ್ತಸ್ರಾವ ಆಗಬಹುದು. ನಾಲ್ಕು ವರ್ಷದ ನಾಯಿ ಇದ್ದಕ್ಕಿದ್ದಂತೆ ಒಂದು ದಿನ ಈ ಕಾಲು, ಇನ್ನೊಂದು ದಿನ ಆ ಕಾಲು ಕುಂಟಿದರೆ, ಮೈ ಬಿಸಿ ಇದ್ದರೆ, ಮೊದಲು ಪ್ಲೇಟ್ಲೆಟ್ ಎಣಿಸಬೇಕು. ಮಾತ್ರೆ ಆಮೇಲೆ. ನನ್ನನ್ನು ಕೇಳಿದರೆ ಇವತ್ತಿನ ಮಾತಿನಲ್ಲಿ ನೀವು ಬೇರೆಲ್ಲ ಮರೆತರೂ ಇದನ್ನು ನೆನಪಿಡಬೇಕು.

ಆಪರೇಷನ್ ವಿಷಯಕ್ಕೆ ಬರೋಣ. ನೋವು ಶುರುವಾದಮೇಲೆ ಅಟ್ಟಿಸಿಕೊಂಡು ಹೋಗುವುದಕ್ಕಿಂತ ಮೊದಲೇ ತಡೆದರೆ ಕಡಿಮೆ ಔಷಧಿ ಸಾಕು. ಅದಕ್ಕೇ ಕಾರ್ಪ್ರೊಫೆನ್ ಅನ್ನು ಆಪರೇಷನ್‌ಗೆ ಎರಡು ಗಂಟೆ ಮುಂಚೆ ಕೊಡುವ ಪದ್ಧತಿ ಇದೆ. ಆದರೆ ಅರಿವಳಿಕೆಯಲ್ಲಿ ಬಿಪಿ ಇಳಿಯುತ್ತದೆ, ಆಗ ಕಿಡ್ನಿಗೆ ಪ್ರೋಸ್ಟಾಗ್ಲಾಂಡಿನ್ ಬೇಕಾಗುತ್ತದೆ ಅಂದೆನಲ್ಲ. ಡ್ರಿಪ್ ಹಾಕಿ ಬಿಪಿ ನೋಡಿಕೊಳ್ಳುವ ವ್ಯವಸ್ಥೆ ಇದ್ದರೆ ಮೊದಲೇ ಕೊಡಬಹುದು. ಇಲ್ಲದಿದ್ದರೆ ನಾಯಿ ಎಚ್ಚರವಾಗುವ ಹೊತ್ತಿಗೆ ಕೊಡುವುದು ಒಳ್ಳೆಯದು. ದೊಡ್ಡ ಆಪರೇಷನ್‌ಗೆ ಇದೊಂದೇ ಸಾಲದು, ಬೇರೆ ನೋವು ನಿವಾರಕಗಳೂ ಬೇಕು. ನಾಯಿಯ ನೋವನ್ನು ಅಳೆಯಲು ಗ್ಲಾಸ್ಗೋ ವಿಶ್ವವಿದ್ಯಾಲಯದವರು ಮಾಡಿದ ಒಂದು ಪಟ್ಟಿ ಇದೆ. ನರಳುತ್ತಿದೆಯೇ, ಗಾಯವನ್ನು ತಿರುಗಿ ತಿರುಗಿ ನೋಡುತ್ತಿದೆಯೇ, ಗಾಯದ ಸುತ್ತ ಒತ್ತಿದರೆ ಏನು ಮಾಡುತ್ತದೆ ಎಂದೆಲ್ಲ ನೋಡಿ ಅಂಕ ಹಾಕುವುದು. ಒಟ್ಟು 24. 6 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಇನ್ನಷ್ಟು ಔಷಧಿ ಬೇಕು ಅಂತ ಅರ್ಥ.

ಮನೆಗೆ ಬಂದಮೇಲಿನ ತಮಾಷೆ ಬೇರೆ. ಮಾತ್ರೆ ಚೆನ್ನಾಗಿ ಕೆಲಸ ಮಾಡಿದರೆ ನಾಯಿಗೆ ತನಗೆ ಆಪರೇಷನ್ ಆಗಿದ್ದೇ ನೆನಪಿರಲ್ಲ. ಮೊಣಕಾಲಿನ ಲಿಗಮೆಂಟ್ ಸರಿಮಾಡಿಸಿಕೊಂಡ ರಾಟ್‌ವೈಲರ್ ಮೂರನೇ ದಿನ ಸೋಫಾ ಹತ್ತುತ್ತದೆ. ಆಗ ಕೆಲವರು "ನೋವಿದ್ದರೆ ಸುಮ್ನೆ ಬಿದ್ದಿರುತ್ತೆ" ಅಂತ ಮಾತ್ರೆ ನಿಲ್ಲಿಸುತ್ತಾರೆ. ಇದು ಸರಿಯಲ್ಲ. ಹಗ್ಗ ಹಾಕಿ, ಸಣ್ಣ ಕೋಣೆಯಲ್ಲಿಡಿ, ಮಾತ್ರೆ ಮುಂದುವರಿಸಿ.

ಕೀಲುನೋವಿನಲ್ಲಿ ಮಾತ್ರೆಯ ಪಕ್ಕಕ್ಕೆ ನಿಲ್ಲುವ ಇನ್ನೊಂದು ಚಿಕಿತ್ಸೆ ತೂಕ ಇಳಿಸುವುದು. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ 25% ಕಡಿಮೆ ಊಟ ಹಾಕಿ, ಜೀವನ ಪೂರ್ತಿ ನೋಡಿದರು. 2002ರಲ್ಲಿ ಫಲಿತಾಂಶ ಬಂತು. ಕಡಿಮೆ ತಿಂದವು ಸುಮಾರು 13 ವರ್ಷ ಬದುಕಿದವು, ಉಳಿದವು ಸುಮಾರು 11.2. ಕೀಲುನೋವಿಗೆ ಚಿಕಿತ್ಸೆ ಬೇಕಾದದ್ದೂ ತೆಳ್ಳಗಿನವಕ್ಕೆ ಸುಮಾರು ಮೂರು ವರ್ಷ ತಡವಾಗಿ. ಇಂಥ ಫಲಿತಾಂಶ ಕೊಡುವ ಮಾತ್ರೆ ನನ್ನ ಕಪಾಟಿನಲ್ಲಿ ಇಲ್ಲ. ಆದರೂ ಮೊಸರನ್ನದ ಮೇಲೆ ಮೊಸರನ್ನ, ನಡುವೆ ಬಿಸ್ಕೆಟ್. ಮುಧೋಳ ನಾಯಿ ಸಾಕಿದವರನ್ನು ಕಂಡರೆ ಅಕ್ಕಪಕ್ಕದವರು "ಪಾಪ, ಊಟ ಹಾಕಲ್ವಾ?" ಅಂತಾರೆ. ನನಗೆ ಆ ನಾಯಿಯ ಸೊಂಟ ನೋಡಿದರೆ ಖುಷಿ, ಪಕ್ಕದ ಮನೆಯ ಲ್ಯಾಬ್ ನೋಡಿದರೆ ಪಾಪ ಅನಿಸುತ್ತದೆ.

ಮನೆಯ ನೆಲವನ್ನೂ ನೋಡಿ. ಪಾಲಿಶ್ ಮಾಡಿದ ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್ ಮೇಲೆ ಸೊಂಟದ ಕೀಲು ಸವೆದ ನಾಯಿ ಪ್ರತಿ ಸಲ ಏಳುವಾಗಲೂ ಜಾರುತ್ತದೆ. ಅದು ಓಡಾಡುವ ದಾರಿಗೆ ರಬ್ಬರ್ ಮ್ಯಾಟ್ ಹಾಸಿ. ಉಗುರು, ಪಾದದ ಕೂದಲು ಕತ್ತರಿಸಿ.

ನಾಯಿಯ ವಿಷಯ ಅಲ್ಲದಿದ್ದರೂ ಇದೇ ಔಷಧಿಗಳ ಒಂದು ಕಥೆ ಹೇಳದೆ ಇರಲಾರೆ. ದನಗಳಿಗೆ ಕೊಟ್ಟ ಡೈಕ್ಲೊಫೆನಾಕ್ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳ ಕಿಡ್ನಿ ಕೆಡಿಸಿತು. ಕಾರಣ ಪತ್ತೆಯಾಗಿ ಪ್ರಕಟವಾದದ್ದು 2004ರಲ್ಲಿ. ಅಷ್ಟರಲ್ಲಿ ಹದ್ದುಗಳು ಹೆಚ್ಚುಕಡಿಮೆ ಮುಗಿದೇ ಹೋಗಿದ್ದವು. 2006ರಲ್ಲಿ ಭಾರತ ಪಶುಗಳಿಗೆ ಅದನ್ನು ನಿಷೇಧಿಸಿತು. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೊಫೆನಾಕ್, ಆಮೇಲೆ ನಿಮೆಸುಲೈಡ್ ಕೂಡ ಆ ಪಟ್ಟಿಗೆ ಸೇರಿದವು. ಹದ್ದಿಗೆ ಏನೂ ಆಗದ ಔಷಧಿ ಅಂತ ಪರೀಕ್ಷೆಯಲ್ಲಿ ಗೆದ್ದದ್ದು ಮೆಲಾಕ್ಸಿಕ್ಯಾಮ್. ರಾಮನಗರದ ರಾಮದೇವರ ಬೆಟ್ಟದ ರಣಹದ್ದು ಧಾಮಕ್ಕೆ ಹೋದವರು ನಿಮ್ಮಲ್ಲಿ ಇರಬಹುದು. ಒಂದೇ ಗುಂಪಿನ ಎರಡು ಔಷಧಿ, ಒಂದು ಪ್ರಾಣಿಗೆ ಸರಿ, ಇನ್ನೊಂದಕ್ಕೆ ವಿಷ. ಪ್ರಾಣಿ ಬದಲಾದರೆ ಲೆಕ್ಕವೂ ಬದಲಾಗುತ್ತದೆ ಅಂತ ನಾವು ಪಟ್ಟು ಹಿಡಿಯುವುದು ಇದಕ್ಕೇ.

ಇನ್ನು ಪ್ರಶ್ನೆಗಳು.

ಅರಿಶಿನ ಹಾಲು, ಗ್ಲುಕೋಸಮೈನ್ ಸಾಕಲ್ವಾ ಅಂತ ಒಬ್ಬರು ಕೇಳಿದರು. ಗ್ಲುಕೋಸಮೈನ್‌ಗೆ ಪುರಾವೆ ತೆಳು. ಮೀನೆಣ್ಣೆಯ ಒಮೆಗಾ-3ಗೆ ಅದಕ್ಕಿಂತ ಒಳ್ಳೆಯ ಪುರಾವೆ ಇದೆ. ಅರಿಶಿನವನ್ನು ಅಡುಗೆಗೆ ಇಟ್ಟುಕೊಳ್ಳಿ. ಇವನ್ನು ಜೊತೆಗೆ ಕೊಡುವುದಕ್ಕೆ ನನ್ನ ತಕರಾರಿಲ್ಲ, ಆದರೆ ಏಳಲಾಗದ ನಾಯಿಗೆ ಇವೇ ಸಾಕು ಅಂತ ಕಾಯಿಸಬೇಡಿ. ಟ್ರಾಮಡಾಲ್ ಅನ್ನುವ ನೋವಿನ ಮಾತ್ರೆಯ ಬಗ್ಗೆಯೂ ಅದೇ ಮಾತು. ನಾಯಿಯ ಕೀಲುನೋವಿಗೆ ಅದು ಬಾಯಿಂದ ಕೊಟ್ಟಾಗ ಅಷ್ಟೇನೂ ಕೆಲಸ ಮಾಡಲ್ಲ ಅಂತ ಈಗ ಗೊತ್ತಾಗಿದೆ.

ತಿಂಗಳಿಗೊಂದು ಇಂಜೆಕ್ಷನ್ ಬಂದಿದೆಯಂತೆ? ಹೌದು, ಬೆಡಿನ್ವೆಟ್‌ಮ್ಯಾಬ್. ಲಿಬ್ರೆಲಾ ಅನ್ನುವ ಹೆಸರಿನಲ್ಲಿ ಯುರೋಪಿನಲ್ಲಿ 2020ರಲ್ಲಿ, ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಇದು ಎನ್ಸೆಡ್ ಅಲ್ಲ, ನೋವಿನ ಸಂಕೇತ ಒಯ್ಯುವ ಒಂದು ಪ್ರೋಟೀನನ್ನು ಹಿಡಿದುಹಾಕುವ ಪ್ರತಿಕಾಯ. ತುಂಬ ನಾಯಿಗಳಿಗೆ ಒಳ್ಳೆಯದಾಗಿದೆ. ತೂರಾಡುವುದು, ಫಿಟ್ಸ್‌ನಂಥ ತೊಂದರೆಗಳ ದೂರು ಬಂದು 2024ರ ಡಿಸೆಂಬರಿನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ವೈದ್ಯರಿಗೆ ಪತ್ರ ಬರೆದು ಎಚ್ಚರಿಸಿತು. ವಿದೇಶದಿಂದ ಯಾರ ಕೈಯಲ್ಲೋ ತರಿಸಿ ಹಾಕಿಸುವ ಯೋಚನೆ ಇದ್ದರೆ ಬಿಡಿ. ಅದು ಫ್ರಿಜ್ಜಿನ ತಂಪಿನಲ್ಲೇ ಬರಬೇಕು.

ಕೊನೆಗೆ ಬೀದಿನಾಯಿಗೆ ಊಟ ಹಾಕುವ ಒಬ್ಬ ಹುಡುಗಿ ಕೇಳಿದ್ದು: ತೂಕ ನೋಡಲು ಆಗಲ್ಲ, ರಕ್ತ ಪರೀಕ್ಷೆಯೂ ಆಗಲ್ಲ, ಕುಂಟುತ್ತಿದೆ, ಏನು ಮಾಡಲಿ? ಕಾಲು ಮುರಿದಿದೆಯೇ, ಕಚ್ಚಿದ ಗಾಯವೇ, ಉಣ್ಣೆ ತುಂಬಿದೆಯೇ ಮೊದಲು ನೋಡಬೇಕು. ನಿಮ್ಮ ಕೈಗೆ ಬರುವ ನಾಯಿಯಾದರೆ ಆಟೋದಲ್ಲಿ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ಕರೆತನ್ನಿ. ಅಪರಿಚಿತ ನಾಯಿಯಾದರೆ ಮುಟ್ಟಬೇಡಿ, ನೋವಲ್ಲಿರುವ ನಾಯಿ ಕಚ್ಚುತ್ತದೆ, ರೇಬೀಸ್ ಇರುವ ಊರು ನಮ್ಮದು. ಪ್ರಾಣಿ ರಕ್ಷಣೆಯವರಿಗೆ ಫೋನ್ ಮಾಡಿ. ಯಾವ ದಾರಿಯಾದರೂ ಸರಿ, ಅನ್ನದಲ್ಲಿ ಬ್ರೂಫೆನ್ ಕಲಸಿ ಇಡಬೇಡಿ. ಅದನ್ನು ಯಾವ ನಾಯಿ ತಿನ್ನುತ್ತದೆ ಅಂತಲೂ ನಿಮಗೆ ಗೊತ್ತಿರಲ್ಲ.